ದೊಡ್ಡವ್ವನ ಎದೆ ಮೇಲಿನ ಜೋಳದ ಚೀಲ

2025ರ ಜನವರಿ. ಗವಿಮಠದ ಜಾತ್ರೆಗೆಂದು ನಮ್ಮ ದೊಡ್ಡವ್ವ ಊರಿಂದ ಕೊಪ್ಪಳಕ್ಕೆ ಬಂದಿದ್ದಳು. ನನ್ನ ಅವ್ವನ ಅಕ್ಕ ಅವಳು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ವಯಸ್ಸು 71. ಜಾತ್ರೆಗೆ ಮುಂಚೆ ಮೂರು ದಿನ ಓಣಿಯ ಹೆಣ್ಣುಮಕ್ಕಳ ಜೊತೆ ಕೂತು ದಾಸೋಹಕ್ಕೆ ಜೋಳದ ರೊಟ್ಟಿ ಬಡಿದಿದ್ದಳು. ಆ ಹೊತ್ತಿಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಮಠಕ್ಕೆ ಬರುತ್ತವೆ. ಅವಳ ರೊಟ್ಟಿ ಮೊದಲು ಬಂತು, ಹಿಂದೆಯೇ ಬಸ್ ಹತ್ತಿ ಅವಳು ಬಂದಳು.

ತೇರಿನ ಮರುದಿನ ಮಠದ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತಳು. ಅಂಗೈ ಎದೆ ಮೇಲಿತ್ತು.

‘ಯಾಕ ದೊಡ್ಡವ್ವಾ, ಎದಿ ನೋಯಾಕತ್ತೈತೇನು?’

‘ಇಲ್ಲ ತಂಗಿ. ಗಾಳಿ ಹಿಡಕೊಂಡೈತಿ. ಮಿರ್ಚಿ ತಿಂದ್ನೆಲ್ಲ.’

ದಾಸೋಹದಲ್ಲಿ ಎರಡು ಮಿರ್ಚಿ ತಿಂದಿದ್ದು ನಿಜ. ಐದು ನಿಮಿಷ ಕೂತಳು, ಎದ್ದಳು, ದರ್ಶನ ಮಾಡಿದಳು. ನಾನೂ ಮರೆತೆ. ಆದರೆ ರಾತ್ರಿ ಊಟ ಮಾಡಿ ಮನೆಗೆ ಮರಳಿದಾಗ ಮತ್ತೆ ಅದೇ ಆಯಿತು. ನಮ್ಮದು ಎರಡನೇ ಅಂತಸ್ತಿನ ಬಾಡಿಗೆ ಮನೆ. ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬಂದವಳೇ ಗೋಡೆಗೆ ಒರಗಿ ಕೂತುಬಿಟ್ಟಳು. ಹಣೆ ತುಂಬ ಬೆವರು. ಜನವರಿಯ ಚಳಿಯಲ್ಲಿ ಬೆವರು. ಹತ್ತು ಹನ್ನೆರಡು ನಿಮಿಷ ಮಾತೇ ಆಡಲಿಲ್ಲ.

ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆ ‘ಎದೆನೋವು ಇದೆಯಾ?’ ಅಂತ. ದೊಡ್ಡವ್ವ ‘ಇಲ್ಲ’ ಅಂದಳು. ಇಸಿಜಿ ತೆಗೆದರು. ನಾರ್ಮಲ್ ಅಂದರು. ಗ್ಯಾಸಿಗೆ ಒಂದು ಇಂಜೆಕ್ಷನ್ ಕೊಟ್ಟು, ಹದಿನೈದು ದಿನದ ಗುಳಿಗೆ ಬರೆದು ಕಳಿಸಿದರು. ನಮಗೂ ಸಮಾಧಾನವೇ ಆಯಿತು. ಇಸಿಜಿ ನಾರ್ಮಲ್ ಅಂದಮೇಲೆ ಮುಗಿಯಿತು ಅಂತ ನಾನೂ ನಂಬಿದ್ದೆ.

ಕೆಳಗಿನ ಮನೆಯಲ್ಲಿ ಒಬ್ಬರು ಸ್ಟಾಫ್ ನರ್ಸ್ ಇದ್ದಾರೆ. ಬೆಳಿಗ್ಗೆ ಹಾಲು ತರುವಾಗ ಸಿಕ್ಕರು, ಸುಮ್ನೆ ಹೇಳಿದೆ. ಅವರ ಮುಖ ಬದಲಾಯಿತು. ‘ರಕ್ತ ತಗೊಂಡ್ರಾ? ಟ್ರೋಪೋನಿನ್ ಮಾಡಿದ್ರಾ? ಬೆವರಿದ್ದು ಹೇಳಿದ್ರಾ?’ ಮೂರಕ್ಕೂ ಉತ್ತರ ಇಲ್ಲ. ‘ಈಗಲೇ ಜಿಲ್ಲಾ ಆಸ್ಪತ್ರೆಗೆ ಹೋಗ್ರಿ, ನಾಷ್ಟಾ ಆಮೇಲೆ’ ಅಂದರು.

ಆವತ್ತು ಅವರಿಂದಲೇ ನಾನು ಕಲಿತಿದ್ದು ಇದು. ಇಸಿಜಿ ಅನ್ನುವುದು ತೆಗೆದ ಆ ಗಳಿಗೆಯ ಚಿತ್ರ. ನೋವು ಇಳಿದ ಮೇಲೆ ತೆಗೆದರೆ ನಾರ್ಮಲ್ ಬರಬಹುದು, ಹೃದಯಾಘಾತ ಆಗಿದ್ದಾಗಲೂ ಮೊದಲ ಇಸಿಜಿ ಸರಿ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಅನ್ನುವ ವಸ್ತು ರಕ್ತಕ್ಕೆ ಸೋರುತ್ತದೆ. ಅದು ಏರಲು ಕೆಲವು ತಾಸು ಬೇಕು. ಅದಕ್ಕೇ ಒಂದು ಸಲ ನೋಡಿ ಬಿಡುವುದಿಲ್ಲ, ತಾಸುಗಳ ಅಂತರದಲ್ಲಿ ಎರಡು ಸಲ ನೋಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದವರಲ್ಲಿ, ಹೆಣ್ಣುಮಕ್ಕಳಲ್ಲಿ ಹೃದಯದ ತೊಂದರೆ ಎದೆನೋವಾಗಿಯೇ ಬರಬೇಕೆಂದಿಲ್ಲ. ಉಸಿರು ಕಟ್ಟುವುದು, ಬೆವರು, ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಹೀಗೂ ಬರುತ್ತದೆ. ದೊಡ್ಡವ್ವ ಈ ಮೂರೂ ಗುಂಪಿಗೆ ಸೇರಿದವಳು. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದ್ದು.

ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತೆ ಇಸಿಜಿ ಆಯಿತು. ಟ್ರೋಪೋನಿನ್ ಒಂದು ಸಲ, ಮೂರು ತಾಸು ಬಿಟ್ಟು ಇನ್ನೊಂದು ಸಲ. ಎರಡೂ ಏರಿರಲಿಲ್ಲ. ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಹಾಸಿಗೆಯಲ್ಲಿ ಮಲಗಿದ್ದಾಗ ಏನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅವರೂ ಕೇಳಿದ್ದು ‘ನೋವು ಐತೇನು?’ ಅಂತಲೇ. ದೊಡ್ಡವ್ವ ಮತ್ತೆ ಇಲ್ಲ ಅಂದಳು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ.

‘ಮತ್ತ ಎದಿ ಮ್ಯಾಲ ಕೈ ಯಾಕ ಇಟ್ಕೋತೀರಿ ಯವ್ವಾ?’

‘ನೋವಲ್ಲರಿ. ಭಾರ. ಜ್ವಾಳದ ಚೀಲ ಇಟ್ಟಂಗ.’

‘ಯಾವಾಗ ಬರತೈತಿ?’

‘ರೊಟ್ಟಿ ಬಡಿಯೂವಾಗ. ನೀರಿನ ಕೊಡ ತರೂವಾಗ.’

‘ಎಷ್ಟು ರೊಟ್ಟಿಗೆ ಬರತೈತಿ?’

ದೊಡ್ಡವ್ವ ಒಂದು ಗಳಿಗೆ ಯೋಚಿಸಿದಳು. ‘ಮೊದ್ಲ ಐವತ್ತು ಬಡದ್ರೂ ಏನೂ ಆಕ್ಕಿದ್ದಿಲ್ಲ. ಶ್ರಾವಣದಿಂದ ಇಪ್ಪತ್ತು ಇಪ್ಪತ್ತೈದಕ್ಕ ಬರತೈತಿ. ಕೈ ಬಿಟ್ಟು ಕುಂತ್ರ ಇಳೀತೈತಿ.’

ಶ್ರಾವಣದಿಂದ. ಅಂದರೆ ಐದಾರು ತಿಂಗಳಿಂದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಲೆಯ ಹೊಗೆಗೆ ಹಾಗಾಗುತ್ತದೆ ಅಂದುಕೊಂಡಿದ್ದಳು. ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು. ‘ಇದೇ ದೊಡ್ಡ ಟೆಸ್ಟು. ದುಡಿದರೆ ಬರುತ್ತದೆ, ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ, ಎದೆ ಬಿಗಿಯುತ್ತದೆ. ಇದನ್ನು ಆಂಜೈನಾ ಅಂತೀವಿ. ಹೃದಯಕ್ಕೆ ರಕ್ತ ಕೊಡುವ ನಾಳ ಎಲ್ಲೋ ಕಿರಿದಾಗಿರಬೇಕು.’

ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳಿದರು. ಸುಮ್ಮನೆ ಕೂತಾಗ, ಮಲಗಿದಾಗ ಆ ಭಾರ ಬಂದಿದ್ದರೆ, ಅಥವಾ ಟ್ರೋಪೋನಿನ್ ಏರಿದ್ದರೆ, ಯಾವ ಟೆಸ್ಟು ಅಂತ ಚರ್ಚೆ ಮಾಡುತ್ತಾ ಕೂರುತ್ತಿರಲಿಲ್ಲ, ರಾತ್ರಿಯೇ ಹೃದಯದ ನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ ಇರುವ ಕಡೆ ಕಳಿಸುತ್ತಿದ್ದೆ ಅಂದರು. ಇದನ್ನು ನಾನೂ ಒತ್ತಿ ಬರೆಯುತ್ತಿದ್ದೇನೆ. ಮುಂದೆ ನಾನು ಹೇಳುವ ತಿಂಗಳುಗಟ್ಟಲೆಯ ವಿಚಾರವೆಲ್ಲ ತಿಂಗಳುಗಳಿಂದ ಒಂದೇ ರೀತಿ ಬರುತ್ತಿದ್ದ ಭಾರದ್ದು. ಹೊಸದಾಗಿ ಶುರುವಾದ, ದಿನದಿನಕ್ಕೆ ಜಾಸ್ತಿಯಾಗುವ, ವಿಶ್ರಾಂತಿಯಲ್ಲೂ ಬರುವ ನೋವಿಗೆ ಇದು ಹೊಂದುವುದಿಲ್ಲ.

ಅಷ್ಟರಲ್ಲಿ ಫೋನು ಶುರುವಾಗಿತ್ತು. ದೊಡ್ಡವ್ವನ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನು ಊರಲ್ಲಿ ಹೊಲ ನೋಡಿಕೊಳ್ಳುತ್ತಾನೆ. ಸಣ್ಣವನು ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಸಣ್ಣವನದು ಒಂದೇ ಮಾತು. ‘ಅಕ್ಕಾ, ರೊಕ್ಕದ ಚಿಂತಿ ಬ್ಯಾಡ. ಸೀದಾ ಆಂಜಿಯೋಗ್ರಾಂ ಮಾಡಿಸಿಬಿಡೂಣು. ಬ್ಲಾಕ್ ಇದ್ರ ಅಲ್ಲೇ ಸ್ಟೆಂಟ್ ಹಾಕ್ತಾರ. ಮುಗದ ಹೋತು.’ ಸ್ಟೆಂಟ್ ಅಂದರೆ ಕಿರಿದಾದ ನಾಳವನ್ನು ಅಗಲವಾಗಿ ಹಿಡಿದಿಡುವ ಸಣ್ಣ ಜಾಲರಿ ಕೊಳವೆ. ಅವನ ಆಫೀಸಿನ ಗೆಳೆಯನೊಬ್ಬ ಹಿಂದಿನ ವರ್ಷ ಹೃದಯಾಘಾತದಲ್ಲಿ ತೀರಿಕೊಂಡಿದ್ದ. ಆ ಹೆದರಿಕೆ ಅವನ ದನಿಯಲ್ಲಿತ್ತು. ಪರಿಚಯದ ಒಂದು ಆಸ್ಪತ್ರೆಯಿಂದ ಪ್ಯಾಕೇಜಿನ ವಿವರವನ್ನೂ ತರಿಸಿಬಿಟ್ಟಿದ್ದ. ಅಲ್ಲಿಯವರು ಅವನಿಗೆ ಫೋನಿನಲ್ಲೇ ‘ತಡ ಮಾಡಿದರೆ ನಿಮ್ಮ ಜವಾಬ್ದಾರಿ’ ಅಂದಿದ್ದರು. ದೊಡ್ಡವ್ವನನ್ನು ಕಣ್ಣಿಂದ ನೋಡದೆ, ಒಂದು ರಿಪೋರ್ಟನ್ನೂ ಓದದೆ ಹಾಗೆ ಹೇಳಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ದೊಡ್ಡವನದು ಇನ್ನೊಂದು ತುದಿ. ‘ವಯಸ್ಸಾಗೇತಿ, ಯಾಕ ಕೊಯ್ಯೂದು? ಗುಳಿಗಿ ನುಂಗಲಿ.’

ಇಬ್ಬರ ನಡುವೆ ನಾನು. ಕೊಪ್ಪಳದಲ್ಲಿ ಇರುವವಳು, ಶಾಲೆಯಲ್ಲಿ ಪಾಠ ಮಾಡುವವಳು, ಓದಿ ತಿಳಿದುಕೊಳ್ಳುತ್ತಾಳೆ ಅಂತ ಎಲ್ಲರೂ ನನ್ನ ಮೇಲೇ ಬಿಟ್ಟರು.

ಬಿಡುಗಡೆಗೆ ಮೊದಲು ಬಂದ ರಕ್ತದ ರಿಪೋರ್ಟು ನಮ್ಮ ದಾರಿಯನ್ನೇ ಬದಲಿಸಿತು. ಹಿಮೋಗ್ಲೋಬಿನ್ 9.1, ಕಡಿಮೆ. ಮೂರು ತಿಂಗಳ ಸಕ್ಕರೆಯ ಸರಾಸರಿ 8.6, ಜಾಸ್ತಿ. ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ 1.5, ಅದೂ ಜಾಸ್ತಿ. ಥೈರಾಯ್ಡ್ ಸರಿಯಿತ್ತು. ಡಾಕ್ಟರು ಕಾಗದ ನೋಡಿ ‘ಯವ್ವಾ, ಮೊಣಕಾಲಿಗೆ ಏನರ ಗುಳಿಗಿ ತಗೋತೀರೇನು?’ ಅಂದರು. ದೊಡ್ಡವ್ವ ಎಲೆ ಅಡಿಕೆ ಸಂಚಿಯ ಒಳಗಿನ ಪದರಿಂದ ಒಂದು ಪಟ್ಟಿ ತೆಗೆದಳು. ಡೈಕ್ಲೋಫೆನಾಕ್. ಮೆಡಿಕಲ್ ಅಂಗಡಿಯಿಂದ ತರಿಸಿಕೊಂಡು ಎರಡು ವರ್ಷದಿಂದ ದಿನಕ್ಕೊಂದು, ಒಮ್ಮೊಮ್ಮೆ ಎರಡು.

ಆ ಒಂದು ಪಟ್ಟಿಯಲ್ಲಿ ಎಷ್ಟೆಲ್ಲ ಇತ್ತು. ಆ ಜಾತಿಯ ನೋವಿನ ಗುಳಿಗೆ ಕಿಡ್ನಿಯನ್ನು ಕೆಡಿಸುತ್ತದೆ. ಹೊಟ್ಟೆಯಲ್ಲಿ ಹುಣ್ಣು ಮಾಡಿ ಗೊತ್ತಾಗದಂತೆ ರಕ್ತ ಸೋರಿಸಬಹುದು. ಹೃದಯದ ತೊಂದರೆ ಇದ್ದವರಿಗಂತೂ ಅದು ಬೇಡವೇ ಬೇಡ. ರಕ್ತ ಕಡಿಮೆಯಾದರೆ ಕಿರಿದಾದ ನಾಳದಲ್ಲಿ ಹೋಗುವ ಅಷ್ಟಿಷ್ಟು ರಕ್ತವೂ ಸಾಕಷ್ಟು ಆಮ್ಲಜನಕ ಹೊರುವುದಿಲ್ಲ. ಆಗ ಐವತ್ತು ರೊಟ್ಟಿಗೆ ಬರಬೇಕಾದ ಭಾರ ಇಪ್ಪತ್ತಕ್ಕೇ ಬರುತ್ತದೆ. ದೊಡ್ಡ ದೊಡ್ಡ ಟೆಸ್ಟುಗಳ ಹೆಸರು ಹೇಳುತ್ತಾ ಕೂತಿದ್ದ ನಮಗೆ ಇಷ್ಟನ್ನು ತೋರಿಸಿಕೊಟ್ಟಿದ್ದು ಎಲ್ಲ ಕಡೆ ಸಿಗುವ ರಕ್ತದ ಟೆಸ್ಟು.

ನೋವಿನ ಗುಳಿಗೆ ಅವತ್ತೇ ನಿಂತಿತು. ಮಲದಲ್ಲಿ ರಕ್ತ ಇದೆಯಾ ಅಂತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಕಬ್ಬಿಣದ ಗುಳಿಗೆ, ಕೊಲೆಸ್ಟರಾಲಿಗೆ ಅಟೋರ್ವಾಸ್ಟಾಟಿನ್, 75 ಮಿಲಿಗ್ರಾಂ ಆಸ್ಪಿರಿನ್, ಜೊತೆಗೆ ಹೊಟ್ಟೆ ಕಾಯಲು ಒಂದು, ಹೃದಯದ ಬಡಿತ ತಗ್ಗಿಸಲು ಮೆಟೊಪ್ರೊಲಾಲ್ ಶುರು ಮಾಡಿದರು. ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಎಕೋ ಕೂಡ ಆಯಿತು. ಹೃದಯ ರಕ್ತ ನೂಕುವ ಶಕ್ತಿ ನೂರಕ್ಕೆ 58, ಅದು ಸರಿಯಾದ ಮಟ್ಟವೇ. ವಯಸ್ಸಾದವರಲ್ಲಿ ಹೃದಯದ ಬಾಗಿಲು, ಅಂದರೆ ಕವಾಟ, ಬಿಗಿಯಾಗಿದ್ದರೂ ಹೀಗೇ ಎದೆ ಹಿಡಿಯುತ್ತದಂತೆ. ಅದೂ ಇರಲಿಲ್ಲ. ಎಕೋ ಸರಿ ಇದೆಯಲ್ಲ, ಇನ್ನೇನು ಅಂತ ದೊಡ್ಡ ತಮ್ಮ ಕೇಳಿದ. ಎಕೋ ನೋಡುವುದು ಮಲಗಿರುವ ಹೃದಯವನ್ನು. ದೊಡ್ಡವ್ವನ ತೊಂದರೆ ಬರುವುದು ದುಡಿಯುವಾಗ.

ಹಾಗಾದರೆ ದುಡಿಸಿ ನೋಡುವ ಟೆಸ್ಟು ಯಾವುದು? ಒಂದು ವಾರ ಬಿಟ್ಟು ಡಾಕ್ಟರ ಹತ್ತಿರ ಹೋದಾಗ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಅವರು ಪ್ರಶ್ನೆಗಳನ್ನು ಓದುವ ಮೊದಲೇ ನನ್ನನ್ನೇ ಕೇಳಿದರು. ‘ಟೆಸ್ಟಿನ ಉತ್ತರ ಹಿಂಗ ಬಂದ್ರ ಏನು ಮಾಡ್ತೀರಿ, ಹಂಗ ಬಂದ್ರ ಏನು ಮಾಡ್ತೀರಿ? ಎರಡಕ್ಕೂ ಮಾಡೂದು ಒಂದೇ ಆದ್ರ ಆ ಟೆಸ್ಟು ಯಾಕ ಬೇಕು?’ ನಾನು ಉತ್ತರ ಕೊಡಲಾಗದೆ ಕೂತೆ. ಆಮೇಲಿನ ಎರಡು ತಿಂಗಳು ನಾನು ಹಿಡಿದುಕೊಂಡಿದ್ದು ಈ ಒಂದು ಪ್ರಶ್ನೆಯನ್ನೇ.

ಮೊದಲು ಟಿಎಂಟಿ. ಓಡುವ ಪಟ್ಟಿಯ, ಅಂದರೆ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ಇಸಿಜಿ ನೋಡುವುದು. ಎಲ್ಲರಿಗೂ ಗೊತ್ತಿರುವ ಟೆಸ್ಟು, ಖರ್ಚೂ ಕಡಿಮೆ. ಆದರೆ ಅದರ ಮೊದಲ ಹಂತವೇ ಗಂಟೆಗೆ 2.7 ಕಿಲೋಮೀಟರ್ ವೇಗ, ನೂರಕ್ಕೆ ಹತ್ತರಷ್ಟು ಏರು. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಬಸ್ಸಿನ ಮೆಟ್ಟಿಲಿಗೇ ಕೈ ಕೊಡಬೇಕಾದ ಮೊಣಕಾಲು ದೊಡ್ಡವ್ವನದು. ಹೃದಯ ದಣಿಯುವ ಮೊದಲು ಮೊಣಕಾಲು ಸೋಲುತ್ತದೆ. ಆಗ ಬರುವ ರಿಪೋರ್ಟು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಅದನ್ನು ಬಿಟ್ಟೆವು.

ಆಮೇಲೆ ಸಿಟಿ ಆಂಜಿಯೋ. ಕೈಯ ನರಕ್ಕೆ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡುತ್ತಾರೆ, ತಂತಿ ಹೃದಯದವರೆಗೆ ಹೋಗುವುದಿಲ್ಲ. ನಾಳಗಳು ಚೆನ್ನಾಗಿವೆ ಎಂದು ಖಚಿತ ಮಾಡಿಕೊಳ್ಳಲು ಬಹಳ ಒಳ್ಳೆಯ ಟೆಸ್ಟು ಅಂದರು. ನನಗೆ ಮನಸ್ಸು ಅದರ ಮೇಲೇ ಇತ್ತು. ಆದರೆ ಆ ಬಣ್ಣ ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದ, ಕ್ರಿಯಾಟಿನಿನ್ 1.5 ಇರುವಾಗ ಅವಸರ ಮಾಡಬಾರದು. ಇನ್ನೊಂದು, ಇಷ್ಟು ವರ್ಷ ಸಕ್ಕರೆ ಇದ್ದವರ ನಾಳದ ಗೋಡೆಯಲ್ಲಿ ಸುಣ್ಣ ಜಾಸ್ತಿ ಕಟ್ಟಿರುತ್ತದೆ. ಸುಣ್ಣ ಹೆಚ್ಚಿದ್ದರೆ ಚಿತ್ರ ಮಸುಕಾಗಿ, ಎಷ್ಟು ಕಿರಿದಾಗಿದೆ ಅಂತ ಹೇಳುವುದು ಕಷ್ಟ. ಕೊನೆಗೆ ‘ಒಮ್ಮೆ ಆಂಜಿಯೋಗ್ರಾಂ ಮಾಡಿಸಿ’ ಎಂದೇ ಬರೆಯಬಹುದು. ಎರಡು ಸಲ ಬಣ್ಣ.

ತಮ್ಮ ಕೇಳುತ್ತಿದ್ದ ಆಂಜಿಯೋಗ್ರಾಂ ನೇರವಾದದ್ದು. ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ಸಣ್ಣ ಕೊಳವೆ ಬಿಟ್ಟು ಹೃದಯದ ನಾಳವನ್ನೇ ನೋಡುತ್ತಾರೆ. ದೊಡ್ಡ ತೊಂದರೆಯಾಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಿಗೆ. ಅದಕ್ಕೆ ಹೆದರಬೇಕಿಲ್ಲ ಅಂದರು ಡಾಕ್ಟರು. ‘ಆದರೆ ಅದು ಕಿರಿದಾದ ಜಾಗ ತೋರಿಸುತ್ತದೆ. ಆ ಜಾಗದಿಂದ ಹೃದಯಕ್ಕೆ ಎಷ್ಟು ಕೊರತೆ ಆಗುತ್ತಿದೆ ಎಂಬುದು ಬೇರೆ ಮಾತು. ಮೇಜಿನ ಮೇಲೆ ಮಲಗಿಸಿದ ಮೇಲೆ ಕಂಡಿದ್ದಕ್ಕೆಲ್ಲ ಸ್ಟೆಂಟ್ ಹಾಕಿಸಿಬಿಡೋಣ ಅನ್ನಿಸುತ್ತದೆ, ನಿಮಗೂ, ಮಾಡುವವರಿಗೂ.’

ಉಳಿದದ್ದು ಸ್ಟ್ರೆಸ್ ಎಕೋ. ನಡೆಸುವ ಬದಲು ಡೊಬುಟಮಿನ್ ಎಂಬ ಔಷಧಿಯನ್ನು ಸಲೈನಿನ ಹಾಗೆ ಹನಿಹನಿಯಾಗಿ ಕೊಟ್ಟು ಹೃದಯದ ಬಡಿತ ಏರಿಸುತ್ತಾರೆ. ಏರಿದಾಗ ಹೃದಯದ ಯಾವ ಗೋಡೆ ರಕ್ತ ಸಾಲದೆ ಮಿಡಿಯುವುದರಲ್ಲಿ ಹಿಂದೆ ಬೀಳುತ್ತದೆ ಅಂತ ಎಕೋದಲ್ಲಿ ನೋಡುತ್ತಾರೆ. ಮೊಣಕಾಲು ಬೇಕಿಲ್ಲ, ಕಿಡ್ನಿಗೆ ಭಾರವಾಗುವ ಬಣ್ಣವೂ ಇಲ್ಲ. ಹುಬ್ಬಳ್ಳಿಗೆ ಹೋಗಬೇಕು, ಅಷ್ಟೇ. ಆದರೆ ಈಗಲೇ ಬೇಡ, ರಕ್ತ ಮೇಲೆ ಬರಲಿ, ಒಂದೂವರೆ ತಿಂಗಳು ಗುಳಿಗೆ ಕೆಲಸ ಮಾಡಲಿ ಅಂದರು.

ಆ ಒಂದೂವರೆ ತಿಂಗಳು ನನಗೆ ನಿದ್ದೆ ಸರಿ ಬರಲಿಲ್ಲ. ದೊಡ್ಡವ್ವ ನಮ್ಮ ಮನೆಯಲ್ಲೇ ಇದ್ದಳು. ರಾತ್ರಿ ಎದ್ದು ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ತಮ್ಮನ ಮಾತು ಕಿವಿಯಲ್ಲಿತ್ತು. ಏನಾದರೂ ಆದರೆ ಕಾಯಿಸಿದವಳು ನಾನೇ ಅಲ್ವಾ? ಈ ಪ್ರಶ್ನೆಗೆ ಯಾವ ಡಾಕ್ಟರೂ ಉತ್ತರ ಕೊಡಲಾರರು. ಕೈಗೆ ಕೆಲಸ ಕೊಟ್ಟುಕೊಂಡೆ, ಅಷ್ಟೇ. ಅದೇ ನೋಟ್‌ಬುಕ್ಕಿನಲ್ಲಿ ದಿನವೂ ಬರೆದೆ: ಯಾವಾಗ ಬಂತು, ಏನು ಮಾಡುತ್ತಿದ್ದಳು, ಎಷ್ಟು ನಿಮಿಷ, ಯಾವುದರಿಂದ ಇಳಿಯಿತು. ‘ನೋವು’ ಅನ್ನುವ ಪದ ಬಿಟ್ಟು ‘ಭಾರ’ ಅಂತಲೇ ಬರೆದೆ. ಹಾಗೆ ಕೇಳಿದರೆ ಅವಳು ಸರಿಯಾಗಿ ಹೇಳುತ್ತಿದ್ದಳು.

ಎದೆಯ ಭಾರ ಬಂದಾಗ ಇಳಿಸುವ ಸಾರ್ಬಿಟ್ರೇಟ್ ಗುಳಿಗೆ 5 ಮಿಲಿಗ್ರಾಂನದು ಯಾವಾಗಲೂ ಅವಳ ಬಳಿ ಇರಬೇಕು ಅಂದಿದ್ದರು. ಡೈಕ್ಲೋಫೆನಾಕ್ ಇದ್ದ ಸಂಚಿಯ ಪದರಿಗೇ ಅದು ಬಂತು. ಬಳಸುವ ಕ್ರಮವನ್ನು ಮೂರು ಸಲ ಹೇಳಿಸಿ ಕಲಿಸಿದೆವು. ಮೊದಲು ಕೂರಬೇಕು, ಯಾಕೆಂದರೆ ಬಿಪಿ ಇಳಿದು ತಲೆ ತಿರುಗಬಹುದು. ನಾಲಿಗೆ ಕೆಳಗೆ ಇಡಬೇಕು, ನುಂಗಬಾರದು. ಐದು ನಿಮಿಷದಲ್ಲಿ ಭಾರ ಇಳಿಯದಿದ್ದರೆ ಯಾರನ್ನೂ ಕೇಳದೆ 108ಕ್ಕೆ ಫೋನು. ಊರಿನ ತಮ್ಮನಿಗೂ ಇದನ್ನೇ ಬರೆದು ಕೊಟ್ಟೆ. ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹಳ್ಳಿಯಲ್ಲಿರುವವರಿಗೆ ಇದು ಗೊತ್ತಿರಬೇಕು. ಏನಾದರೂ ಆದರೆ ಹುಬ್ಬಳ್ಳಿಗೇ ಓಡಬೇಕು ಅಂತ ದಾರಿಯಲ್ಲಿ ಎರಡು ತಾಸು ಕಳೆಯುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆ ಮೊದಲು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ನಿಧಾನದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತಿಗೆ ಬೇಕಿಲ್ಲ. ಆ ಕಾರ್ಡನ್ನೂ ಚೀಟಿಯನ್ನೂ ಒಂದೇ ಫೈಲಿಗೆ ಸೇರಿಸಿದೆ.

ಮಾರ್ಚ್ ಮೊದಲ ವಾರ ರಕ್ತ ಮತ್ತೆ ನೋಡಿದರು. ಹಿಮೋಗ್ಲೋಬಿನ್ 10.8. ಕ್ರಿಯಾಟಿನಿನ್ 1.1. ನೋವಿನ ಗುಳಿಗೆ ಬಿಟ್ಟಿದ್ದಕ್ಕೇ ಕಿಡ್ನಿ ಇಷ್ಟು ಚೇತರಿಸಿಕೊಂಡಿತು. ನೋಟ್‌ಬುಕ್ಕಿನಲ್ಲಿ ಮೊದಲ ವಾರ ಒಂಬತ್ತು ಸಲ ಇದ್ದ ‘ಭಾರ’ ಕೊನೆಯ ವಾರ ಎರಡು ಸಲಕ್ಕೆ ಇಳಿದಿತ್ತು.

ಹುಬ್ಬಳ್ಳಿಗೆ ರೈಲಿನಲ್ಲಿ ಹೋದೆವು. ಬಡಿತ ಏರಬೇಕಾದ್ದರಿಂದ ಮೆಟೊಪ್ರೊಲಾಲನ್ನು ಡಾಕ್ಟರು ಹೇಳಿದಂತೆ ಎರಡು ದಿನ ಮೊದಲೇ ನಿಲ್ಲಿಸಿದ್ದೆವು. ಅದನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸುವಂತಿಲ್ಲ. ನಾಲ್ಕು ತಾಸು ಏನೂ ತಿಂದಿರಲಿಲ್ಲ. ಗದಗ ದಾಟುವಾಗ ದೊಡ್ಡವ್ವ ಕಿಟಕಿಯಿಂದ ಹೊಲ ನೋಡುತ್ತಾ ‘ಕಡ್ಲಿ ಕಿತ್ತ್ಯಾರ’ ಅಂದಳು. ಹೆದರಿದ್ದು ನಾನೊಬ್ಬಳೇ.

ಎಡಮಗ್ಗುಲಿಗೆ ಮಲಗಿಸಿ ಎದೆಗೆ ಜೆಲ್ ಹಚ್ಚಿದರು. ನನ್ನನ್ನು ಒಳಗೆ ಬಿಟ್ಟಿದ್ದರು. ಔಷಧಿಯನ್ನು ಸ್ವಲ್ಪದಿಂದ ಶುರುಮಾಡಿ ಮೂರು ಮೂರು ನಿಮಿಷಕ್ಕೆ ಹೆಚ್ಚಿಸುತ್ತಾ ಹೋದರು. 220ರಲ್ಲಿ ವಯಸ್ಸು ಕಳೆದು, ನಿಮಿಷದ ಬಡಿತ ಅದರ ನೂರಕ್ಕೆ 85 ಭಾಗ ಮುಟ್ಟಬೇಕಂತೆ. ದೊಡ್ಡವ್ವನಿಗೆ ಅದು 127. ನೂರು ದಾಟಿದಾಗ ‘ಎದಿಯಾಗ ಹಲಗಿ ಬಾರಸಾಕತ್ತ್ಯಾರ’ ಅಂದಳು. 120ರ ಹತ್ತಿರ ಭಾರ ಬಂತು. ಅಲ್ಲಿದ್ದ ಡಾಕ್ಟರು ‘ರೊಟ್ಟಿ ಬಡಿಯುವಾಗ ಬರುವ ಭಾರ ಇದೇನಾ?’ ಅಂದರು. ಹೌದು ಅಂದಳು. 127 ಮುಟ್ಟಿತು, ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಎಲ್ಲ ಶಾಂತವಾಯಿತು.

ರಿಪೋರ್ಟು: ಬಡಿತ ಬಹಳ ಏರಿದಾಗ ಹೃದಯದ ಕೆಳಗೋಡೆಯ ಒಂದು ಸಣ್ಣ ಭಾಗ ಹಿಂದೆ ಬೀಳುತ್ತದೆ. ಉಳಿದ ಗೋಡೆಗಳು ಚೆನ್ನಾಗಿವೆ. ಒಟ್ಟು ಶಕ್ತಿ ಕುಗ್ಗುವುದಿಲ್ಲ.

ಅಂದರೆ ಕೊರತೆ ಇದೆ, ಸಣ್ಣದು. ಆಂಜಿಯೋಗ್ರಾಂ ಮಾಡಿಸುವುದೋ ಬೇಡವೋ? ಕೊಪ್ಪಳದ ಡಾಕ್ಟರ ಎದುರು ದೊಡ್ಡವ್ವನ ಜೊತೆ ನಾನು, ಊರಿಂದ ಬಂದ ದೊಡ್ಡ ತಮ್ಮ, ಫೋನಿನ ವಿಡಿಯೋದಲ್ಲಿ ಸಣ್ಣ ತಮ್ಮ. ಡಾಕ್ಟರು ಅವನಿಗೇ ಹೆಚ್ಚು ಹೊತ್ತು ಹೇಳಿದರು. 2020ರಲ್ಲಿ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತಂತೆ. 5,179 ಜನ. ಹೃದಯದ ನೋವು ಹತೋಟಿಯಲ್ಲಿದ್ದರೂ ಸ್ಟ್ರೆಸ್ ಟೆಸ್ಟಿನಲ್ಲಿ ದೊಡ್ಡವ್ವನಿಗಿಂತ ಹೆಚ್ಚು ಕೊರತೆ ಕಂಡವರು. ಅರ್ಧ ಜನರಿಗೆ ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದರು, ಇನ್ನರ್ಧಕ್ಕೆ ಮೊದಲು ಗುಳಿಗೆ, ಅಗತ್ಯ ಬಿದ್ದರೆ ಮಾತ್ರ ಆಂಜಿಯೋಗ್ರಾಂ. ಮೂರು ವರ್ಷಕ್ಕೂ ಹೆಚ್ಚು ಕಾಲ ನೋಡಿದಾಗ ಸಾವಿನಲ್ಲಿ, ಹೃದಯಾಘಾತದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಪದೇ ಪದೇ ನೋವು ಬರುತ್ತಿದ್ದವರಿಗೆ ಸ್ಟೆಂಟಿನಿಂದ ಹೆಚ್ಚು ಆರಾಮವಾಯಿತು. ಹೃದಯಾಘಾತ ಆಗುತ್ತಿರುವವರ ಮಾತು ಬೇರೆ, ಅವರಿಗೆ ಸ್ಟೆಂಟು ಜೀವ ಉಳಿಸುತ್ತದೆ ಅಂತ ಬಿಡಿಸಿ ಹೇಳಿದರು. ಎಡಗಡೆಯ ಮುಖ್ಯ ನಾಳವೇ ಕಿರಿದಾಗಿದ್ದರೆ ಲೆಕ್ಕ ಬೇರೆ ಎಂಬುದನ್ನೂ ಮುಚ್ಚಿಡಲಿಲ್ಲ. ಹಾಗಿದ್ದರೆ ಸ್ಟ್ರೆಸ್ ಎಕೋದಲ್ಲಿ ಸಾಮಾನ್ಯವಾಗಿ ಇಷ್ಟು ಸಣ್ಣ ಭಾಗ ಮಾತ್ರ ಸೋಲುವುದಿಲ್ಲ, ಆದರೂ ನೂರಕ್ಕೆ ನೂರು ಅಂತ ಹೇಳಲಾರೆ ಅಂದರು.

‘ನೂರಕ್ಕೆ ನೂರು ಅಲ್ಲ ಅಂದ್ರ ಮಾಡಿಸೇಬಿಡೂಣಲ್ಲ ಸರ್’ ಅಂದ ಸಣ್ಣ ತಮ್ಮ. ನನಗೂ ಆ ಕ್ಷಣ ಹಾಗೇ ಅನ್ನಿಸಿತ್ತು.

ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡವ್ವ ಮಾತಾಡಿದಳು. ನಾವು ಅವಳನ್ನು ಕೇಳಿಯೇ ಇರಲಿಲ್ಲ. ‘ಆ ತಂತಿ ಹಾಕಿಸಿಕೊಂಡ್ರ ಜಾಸ್ತಿ ದಿನ ಬದುಕ್ತೀನೇನ್ರಿ?’

‘ನಿಮ್ಮಂಥವರೊಳಗ ಹಂಗ ಕಂಡಿಲ್ಲ ಯವ್ವಾ. ಭಾರ ಕಡಿಮಿ ಆಗಬಹುದು.’

‘ಭಾರ ಈಗ ಕಡಿಮಿ ಆಗೇತಿ.’

‘ಹೌದು.’

‘ಮತ್ತ ಜಾಸ್ತಿ ಆದ್ರ?’

‘ಆವಾಗ ಮಾಡಿಸೂಣು. ತಡ ಮಾಡಂಗಿಲ್ಲ.’

‘ಹಂಗಾರ ಆವಾಗ ಮಾಡಸ್ತೀನಿ’ ಅಂದಳು. ಸಣ್ಣ ಮಗನ ಕಡೆ ತಿರುಗಿ, ‘ಬ್ಯಾಡ ಅಂತ ಅಂದಿಲ್ಲಪ್ಪಾ ನಾ. ಈಗ ಬ್ಯಾಡ ಅಂದೀನಿ’ ಅಂದಳು. ಅವನು ಪರದೆಯಲ್ಲಿ ಕಣ್ಣೊರೆಸಿಕೊಂಡ.

ಯಾವುದಾದರೆ ‘ಜಾಸ್ತಿ’ ಎಂಬುದನ್ನು ಅಲ್ಲೇ ಬರೆಸಿಕೊಂಡೆ. ವಾರದಲ್ಲಿ ಬರುವ ಸಲ ಹೆಚ್ಚಿದರೆ, ಮೊದಲಿಗಿಂತ ಕಡಿಮೆ ಕೆಲಸಕ್ಕೆ ಬಂದರೆ, ಸಾರ್ಬಿಟ್ರೇಟ್ ಮೇಲಿಂದ ಮೇಲೆ ಬೇಕಾದರೆ, ಆಂಜಿಯೋಗ್ರಾಂ. ಕೂತಾಗ ಮಲಗಿದಾಗ ಒಂದೇ ಸಲ ಬಂದರೂ ಅವತ್ತೇ ಆಸ್ಪತ್ರೆ. ಆ ಹಾಳೆಯ ಮೂರು ಪ್ರತಿ ಮಾಡಿಸಿದೆವು.

ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯ ಸಾಲು ಸಾಲು ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಟಿವಿಯಲ್ಲಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನಿಂದಲೇ ಸಾಲು ನಿಂತಿದ್ದನ್ನು ತೋರಿಸಿದರು. ಸಣ್ಣ ತಮ್ಮ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ. ಈ ಸಲ ನಾನು ವಾದ ಮಾಡಲಿಲ್ಲ. ನೋಟ್‌ಬುಕ್ಕಿನ ಆ ತಿಂಗಳ ಪುಟಗಳ ಫೋಟೋ ತೆಗೆದು ಕಳಿಸಿದೆ. ನಾಲ್ಕು ವಾರದಲ್ಲಿ ಐದು ಸಲ ಭಾರ, ಒಂದಕ್ಕೂ ಗುಳಿಗೆ ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ‘ಸರಿ ಅಕ್ಕಾ. ದಿನಾ ಕಳಸು’ ಅಂತ ಬರೆದ. ಆಮೇಲೆ ಊರಲ್ಲಿ ಅವನ ಅಣ್ಣನೇ ಬರೆಯಲು ಶುರುಮಾಡಿದ, ಈಗ ಕಳಿಸುವವನೂ ಅವನೇ.

ಈ ವರ್ಷದ ಜಾತ್ರೆಗೂ ದೊಡ್ಡವ್ವ ಬಂದಳು. ರೊಟ್ಟಿ ಬಡಿದಿದ್ದು ಹದಿನೈದೇ, ಉಳಿದ ಹೊತ್ತು ಸೊಸೆ ಬಡಿದ ರೊಟ್ಟಿಯನ್ನು ಹಂಚಿನ ಮುಂದೆ ಕೂತು ಬೇಯಿಸಿಕೊಟ್ಟಳಂತೆ. ಮಠದ ಮೆಟ್ಟಿಲು ಹತ್ತುವುದು ಬೇಡ, ಕೆಳಗಿಂದಲೇ ಕೈ ಮುಗಿ ಅಂದೆ. ಕೇಳಲಿಲ್ಲ. ನಿಧಾನಕ್ಕೆ ಹತ್ತಿದೆವು. ಹೋದ ವರ್ಷ ನಿಂತ ಜಾಗ ದಾಟಿ, ಇನ್ನಷ್ಟು ಮೇಲೆ ಹೋಗಿ ಕೂತಳು. ಕೈ ಸಂಚಿಯ ಮೇಲಿತ್ತು. ನಾನು ಗಡಿಯಾರ ನೋಡಿದೆ.

ರಾತ್ರಿ ಮನೆಗೆ ಬಂದು ಬರೆದದ್ದು: ಮಠದ ಮೆಟ್ಟಿಲು. ಭಾರ, ಸ್ವಲ್ಪ. ಎರಡು ನಿಮಿಷ. ಕೂತು ಇಳಿಯಿತು. ಗುಳಿಗೆ ತೆಗೆದುಕೊಳ್ಳಲಿಲ್ಲ. ಮಿರ್ಚಿ ಒಂದು.